ನಾಗರತ್ನ ಟೀಚರ ನಿದ್ದೆ

ಶವಾಸನದಲ್ಲಿ ಎಲ್ಲರಿಗಿಂತ ಮೊದಲು ನಿದ್ದೆ ಹೋಗುತ್ತಿದ್ದವರು ನಮ್ಮ ಯೋಗದ ಟೀಚರೇ. "ಕಾಲು ಬುಡಿ, ಕೈ ಬುಡಿ, ತಲೇಲಿರೋದ್ನೂ ಬುಡಿ" ಎನ್ನುತ್ತಾ ತಾವೂ ಚಾಪೆಯ ಮೇಲೆ ಉದ್ದಕ್ಕೆ ಮಲಗುವರು. ಇನ್ನೊಂದು ಗಳಿಗೆಗೆ ಗೊರಕೆ. ನಾವು ಕಣ್ಣು ಮುಚ್ಚಿ ಕಾಯಬೇಕು. ಕೊನೆಗೆ ಒಂದು ದೊಡ್ಡ ಗೊರಕೆಗೆ ತಾವೇ ಬೆಚ್ಚಿ ಎದ್ದು, ಏನೂ ಆಗದವರಂತೆ, "ಬಲಕ್ಕೆ ತಿರುಗಿ, ನಿಧಾನಕ್ಕೆ ಏಳಿ" ಎನ್ನುವರು.

ನಾಗರತ್ನ ಟೀಚರು ಹನಗೋಡಿನ ಕಡೆ ಶಾಲೆಯಲ್ಲಿದ್ದು, ನಿವೃತ್ತರಾದ ಮೇಲೆ ಹುಣಸೂರಿನಲ್ಲಿ ಒಬ್ಬರೇ ಇದ್ದರು. ಹಣೆಗೆ ವಿಭೂತಿ, ಚೂಡಿದಾರದ ಮೇಲೆ ಗಂಡಸರ ಸ್ವೆಟರು, ಕಿವಿ ಮುಚ್ಚುವ ಉಣ್ಣೆ ಟೋಪಿ. ಬೆಳಗ್ಗೆ ನಮ್ಮ ಪಕ್ಕದ ಬೀದಿಯ ಸಮುದಾಯ ಭವನದಲ್ಲಿ ಯೋಗ ಹೇಳಿಕೊಡುತ್ತಿದ್ದರು. ಸುತ್ತಲ ಹೊಲಗಳ ಗೂಡುಗಳಲ್ಲಿ ಹೊಗೆಸೊಪ್ಪು ಬೇಯಿಸಿ ಒಣಗಿಸುವ ಕಾಲದಲ್ಲಿ ಅದರ ವಾಸನೆ ಒಳಗೂ ತುಂಬುತ್ತಿತ್ತು. "ಬಂದಷ್ಟು ಒಳಕ್ಕೆ ತಕ್ಕಳಿ. ಊರಿನ ಗಾಳಿ ಕಣ್ರೀ, ಬ್ಯಾಡ ಅಂದ್ರೆ ಬುಟ್ಟದಾ?" ಎನ್ನುತ್ತಿದ್ದರು.

ನಾನು ಓಡುವವನು. ಹೆಂಡತಿ ತೀರಿಕೊಂಡ ಮೇಲೆ ಬೆಳಗಿನ ಜಾವ ಮನೆಯಲ್ಲಿರಲಾಗದೆ ಕಟ್ಟೆಮಳಲವಾಡಿ ರಸ್ತೆಯಲ್ಲಿ ಓಡಲು ಶುರುಮಾಡಿದೆ. ಹಿರಿಯರ ಓಟದಲ್ಲಿ ಒಂದೆರಡು ಪದಕ ಬಂದು ನೆಲದ ಮೇಲೆ ಕಾಲು ನಿಲ್ಲದಾಯಿತು. ಯೋಗಕ್ಕೆ ಸೇರಿದ್ದು ಸೊಂಟ ಹಿಡಿದುಕೊಂಡಾಗ. ಟೀಚರು ನನ್ನನ್ನು ಓಟದಣ್ಣ ಎಂದು ಕರೆದರು. ಮಲಗಿದಾಗಲೂ ನನ್ನ ಪಾದ ಅಲುಗುತ್ತಿತ್ತು. "ಓಟದಣ್ಣ ಇನ್ನೂ ಮಳಲವಾಡಿ ತಲುಪಿಲ್ಲ, ತಡೀರಪ್ಪ" ಎಂದು ಎಲ್ಲರನ್ನೂ ನಗಿಸುವರು.

ಒಮ್ಮೆ ನಾನೂ ಕುಟುಕಿದೆ. "ನಿದ್ದೆ ಮಾಡಕೆ ಇಲ್ಲಿಗಂಟ ಬರ್ಬೇಕಾ ಟೀಚರ್? ಮನೇಲಿ ಮಂಚ ಇಲ್ವಾ?"

"ಮಂಚ ಅದೆ, ನಿದ್ದೆ ಬರಾಕಿಲ್ಲ. ಇಲ್ಲಿ ನೀವೆಲ್ಲ ಉಸಿರಾಡೋದು ಕೇಳ್ತಿದ್ರೆ ಕಣ್ಣು ತಾನಾಗೇ ಎಳೀತದೆ."

ಬೇರೆ ಯಾರಿಗಲ್ಲದಿದ್ದರೂ ನನಗೆ ಆ ಮಾತು ಅರ್ಥವಾಗಬೇಕಿತ್ತು. ನಾನು ನಕ್ಕುಬಿಟ್ಟೆ.

ಓಟದ ಸ್ಪರ್ಧೆ ಹತ್ತಿರವಿದ್ದ ಒಂದು ದಿನ, ಅವರ ಗೊರಕೆ ಶುರುವಾದಾಗ ನನಗೆ ಮಲಗಿರಲಾಗಲಿಲ್ಲ. ಎದ್ದು ಎಲ್ಲರಿಗೂ ಸನ್ನೆ ಮಾಡಿದೆ. ಚಪ್ಪಲಿ ಕೈಯಲ್ಲಿ ಹಿಡಿದು ಒಬ್ಬೊಬ್ಬರಾಗಿ ಹೊರಬಂದೆವು. ಸದ್ದಾಗದಂತೆ ಬಾಗಿಲೆಳೆದವನು ನಾನೇ. ಎದುರಿನ ಟೀ ಅಂಗಡಿಯ ಮಗ್ಗುಲಲ್ಲಿ ಅವಿತು, ಬಾಯಿಗೆ ಕೈ ಅಡ್ಡ ಹಿಡಿದು ನಗುತ್ತಾ ನಿಂತೆವು.

ಹೆಚ್ಚು ಹೊತ್ತಾಗಲಿಲ್ಲ. ನಮ್ಮ ಉಸಿರು ಕೇಳದೆ ಹೋದದ್ದಕ್ಕೇ ಎಚ್ಚರವಾಯಿತೇನೋ. ಟೀಚರು ಬರಿಗಾಲಲ್ಲಿ ಓಡಿಬಂದರು. ಟೋಪಿ ಒಂದು ಕಡೆ ಜಾರಿತ್ತು.

"ನಮ್ಮೋರ್ನೇನಾರ ಕಂಡ್ಯೇನಪ್ಪ?" ಎಂದು ಅಂಗಡಿಯವನನ್ನು ಕೇಳಿದರು. "ಯಾರಿಗೇನಾಯ್ತೋ ಗೊತ್ತಾಗ್ನಿಲ್ಲ."

ಅವನು ನಗು ತಡೆಯಲಾರದೆ ನಾವಿದ್ದ ಕಡೆ ತಿರುಗಿದ. ಟೀಚರೂ ನೋಡಿದರು. ಟೋಪಿ ಸರಿಮಾಡಿಕೊಂಡು ಒಳಗೆ ಹೋಗಿ ಚಾಪೆ ಸುತ್ತಿದರು.

ಮಿಕ್ಕವರು ಮಾರನೆಯ ದಿನ ಹೋಗಿ ತಪ್ಪಾಯಿತೆಂದರಂತೆ. ನಾನು ಹೋಗಲಿಲ್ಲ. ಆ ಬೀದಿಯನ್ನೇ ತಪ್ಪಿಸಿಕೊಂಡು ಓಡಿದೆ, ಎಷ್ಟೋ ಕಾಲ.

ಹೋದ ವರ್ಷ ಮಂಡಿ ಊದಿತು. ಡಾಕ್ಟರು ಓಟ ನಿಲ್ಲಿಸಿ ಕಾಲಿಗೆ ವಿಶ್ರಾಂತಿ ಕೊಡಿ, ಬೇಕಿದ್ದರೆ ಮೆಲ್ಲಗೆ ಯೋಗ ಮಾಡಿ ಎಂದರು. ನಾಚಿಕೆ ನುಂಗಿಕೊಂಡು ಚಾಪೆ ಹಿಡಿದು ಹೋದೆ.

"ಬನ್ನಿ ಓಟದಣ್ಣ. ಮಳಲವಾಡಿ ಸಿಕ್ತಾ?" ಎಂದರು, ನಿನ್ನೆ ತಾನೇ ಕಂಡವರಂತೆ. ತಮ್ಮ ಸ್ವೆಟರು ಬಿಚ್ಚಿ, ಮಡಿಸಿ, ನನ್ನ ಮಂಡಿಯ ಕೆಳಗಿಟ್ಟರು.

ಶವಾಸನದಲ್ಲಿ ಮಲಗಿ ಗೊರಕೆಗಾಗಿ ಕಾದೆ. ಬರಲಿಲ್ಲ. ಕಣ್ಣು ತೆರೆದರೆ, ಟೀಚರು ಬಾಗಿಲಿಗೆ ಬೆನ್ನು ಕೊಟ್ಟು ಕೂತು ಒಬ್ಬೊಬ್ಬರನ್ನೂ ನೋಡುತ್ತಿದ್ದರು. ನಾವು ಅವಿತ ಆವತ್ತಿನಿಂದ ಅವರು ಇಲ್ಲಿ ಮಲಗಿದ್ದೇ ಇಲ್ಲವೆಂದು ಪಕ್ಕದ ಚಾಪೆಯವರು ಆಮೇಲೆ ಹೇಳಿದರು.

ಯುಗಾದಿ ಕಳೆದ ಮೇಲೆ ಅವರು ಎಚ್.ಡಿ. ಕೋಟೆಯ ತಂಗಿಯ ಮನೆಯಲ್ಲೇ ಇರಲು ಹೊರಟು ನಿಂತರು. ಕೊನೆಯ ದಿನ, ಎಲ್ಲರ ಎದುರಿಗೇ ಹೇಳಿದೆ. "ಇವತ್ತು ನೀವು ಮಲೀಕಳಿ ಟೀಚರ್. ಬಾಗ್ಲತ್ರ ನಾನಿರ್ತೀನಿ. ಆವತ್ತು ಎಲ್ರುನ್ನೂ ಎಬ್ಬಿಸ್ಕಂಡೋದವ್ನು ನಾನೇ. ತಪ್ಪಾಯ್ತು."

"ಗೊತ್ತು ಬುಡಿ. ಮುಂದ್ಗಡೆ ಓಡೋರು ಯಾವಾಗ್ಲೂ ನೀವೇ ಅಲ್ವಾ" ಎಂದು ನಕ್ಕು ಮಲಗಿದರು.

ನಾನು ಬಾಗಿಲಲ್ಲಿ ಕೂತೆ. ಒಬ್ಬೊಬ್ಬರ ಉಸಿರೂ ನಿಧಾನವಾಯಿತು. ಟೀಚರ ರೆಪ್ಪೆ ಮಾತ್ರ ಅದುರುತ್ತಿತ್ತು. ನಡುವೆ ಒಮ್ಮೆ ಕಣ್ಣು ಬಿಟ್ಟು, ಚಾಪೆಗಳ ಮೇಲೆ ನೋಟ ಆಡಿಸಿ, ಮತ್ತೆ ಮುಚ್ಚಿದರು. ನಾನು ಕಾದೇ ಕಾದೆ. ಬಲಕ್ಕೆ ತಿರುಗಿ ಎಂದು ಹೇಳುವ ಮೊದಲೇ ಅವರು ತಾವಾಗಿ ತಿರುಗಿ, ಎದ್ದು ಕೂತರು.

"ಸಾಕು ಏಳಿ ಓಟದಣ್ಣ," ಎಂದರು ಮೆಲ್ಲಗೆ. "ಅಷ್ಟೊತ್ತು ಹಂಗೇ ಕುಂತ್ರೆ ಮಂಡಿ ಹಿಡ್ಕತದೆ."