ಜತ್ತಪ್ಪನ ಐದನೆಯ ‘ಯಾಕೆ’

ಮಿಜಾರಿನ ತರಬೇತಿಗೆ ಹೋಗಿ ಬಂದ ಮೇಲೆ ಜತ್ತಪ್ಪನ ಅಂಗಿಯ ಜೇಬಿಗೆ ಎರಡು ಪೆನ್ನು ಬಂತು, ಒಂದು ನೀಲಿ, ಒಂದು ಕೆಂಪು. ಮೊದಲು ಅಲ್ಲಿ ಬೀಡಿಯ ಕಟ್ಟು ಇರುತ್ತಿತ್ತು. ಬೀಡಿ ಬಿಟ್ಟದ್ದಲ್ಲ, ಪ್ಯಾಂಟಿನ ಜೇಬಿಗೆ ವರ್ಗವಾದದ್ದು. ಪ್ರತಿಯೊಂದು ವಸ್ತುವಿಗೂ ಅದರದ್ದೇ ಜಾಗ ಇರಬೇಕು ಎಂಬುದು ತರಬೇತಿಯ ಮೊದಲ ಪಾಠವಂತೆ. ಬೀಡಿಯ ಜಾಗ ಯಾವುದೆಂದು ಅವರು ಹೇಳದ ಕಾರಣ ಜತ್ತಪ್ಪ ಸ್ವಂತ ತೀರ್ಮಾನ ತೆಗೆದುಕೊಂಡ.

ಹುಟ್ಟಿದ್ದು ಮಾಣಿಯ ಹತ್ತಿರ. ಪ್ರಾಯದಲ್ಲಿ ಬಂಟ್ವಾಳದ ಕಡೆ ಒಂದು ಹಂಚಿನ ಕಾರ್ಖಾನೆಯಲ್ಲಿ ಹಂಚು ಹೊತ್ತ. ಅದು ಬಾಗಿಲು ಹಾಕಿದಾಗ ಪುತ್ತಿಗೆಗೆ ಬಂದು ಚಂದ್ರರಾಜ ಧಣಿಗಳ ಗೇರುಬೀಜದ ಕಾರ್ಖಾನೆಯಲ್ಲಿ ಗೋಣಿ ಹೊತ್ತ. ಹೊತ್ತು ಹೊತ್ತು ಸೂಪರ್‌ವೈಸರ್ ಆದ. ಸೂಪರ್‌ವೈಸರ್ ಎಂದರೆ ಏನು? ಹೇಳುವುದು ಧಣಿಗಳು, ಮಾಡುವುದು ಕೆಲಸದವರು, ನಡುವೆ ನಿಂತು ಎರಡೂ ಕಡೆಯ ಅಸಮಾಧಾನವನ್ನು ಪಡೆದುಕೊಳ್ಳುವವನು. ಬೆಳ್ತಂಗಡಿಯಲ್ಲಿರುವ ಅವನ ಭಾವ ಮಾತ್ರ ಇಂದಿಗೂ ಅವನನ್ನು ‘ಬೀಜದ ಜತ್ತಪ್ಪ’ ಎಂದೇ ಕರೆಯುವುದು, ಅದೂ ನಾಲ್ಕು ಜನರ ಎದುರಿಗೆ. ಜತ್ತಪ್ಪನಿಗೆ ಅದು ಮೀನಿನ ಮುಳ್ಳಿನ ಹಾಗೆ ಗಂಟಲಲ್ಲಿತ್ತು.

ಹೀಗಿರುವಾಗ ಧಣಿಗಳ ಸೊಸೆ, ಆಫೀಸು ನೋಡಿಕೊಳ್ಳುವ ಸಾಧನಾ, ಒಂದು ಹೊಸ ಹುದ್ದೆ ಮಾಡಿದರು: ಗುಣಮಟ್ಟ ವಿಭಾಗದ ಮುಖ್ಯಸ್ಥ. ಅದಕ್ಕೊಂದು ಸಣ್ಣ ಕೋಣೆ, ಫ್ಯಾನು, ಚಕ್ರ ಇರುವ ಕುರ್ಚಿ. ಕಾರ್ಖಾನೆಯಲ್ಲಿ ಇಡೀ ಬೀಜಕ್ಕಿಂತ ತುಂಡು ಬೀಜವೇ ಹೆಚ್ಚಾಗುತ್ತಾ ಬಂದಿತ್ತು. ಅದರ ಕಾರಣ ಕಂಡುಹಿಡಿದು, ಪರಿಹಾರ ಬರೆದು, ತರಬೇತಿಯವರ ಕೈಯಲ್ಲಿ ಪಾಸಾಗಿ ಬಂದರೆ ಕುರ್ಚಿ ನಿಮಗೇ ಎಂದು ಅವರು ಜತ್ತಪ್ಪನಿಗೆ ಹೇಳಿದರು. ಇಲ್ಲದಿದ್ದರೆ ಓದಿದವರನ್ನು ಯಾರನ್ನಾದರೂ ಹೊರಗಿನಿಂದ ತರಬೇಕಾಗ್ತದೆ ಎಂದೂ ಹೇಳಿದರು. ಜತ್ತಪ್ಪ ಆ ದಿನ ಯಾರೂ ಇಲ್ಲದ ಹೊತ್ತು ನೋಡಿ ಕುರ್ಚಿಯಲ್ಲಿ ಕೂತು ಗೋಡೆಯವರೆಗೆ ಹೋಗಿ ಬಂದನಂತೆ.

ಮಿಜಾರಿನ ಕಾಲೇಜೊಂದರ ಸಭಾಂಗಣದಲ್ಲಿ ತರಬೇತಿ. ಪಾಠ ಹೇಳಿದವರು ಟೈ ಕಟ್ಟಿದ್ದರು. ಅವರು ಕಲಿಸಿದ್ದರಲ್ಲಿ ಎರಡು ಸಂಗತಿ ಜತ್ತಪ್ಪನ ತಲೆಯಲ್ಲಿ ನಿಂತವು. ಒಂದು, ಮೀನಿನ ಮುಳ್ಳಿನ ಚಿತ್ರ. ತಲೆಯ ಜಾಗದಲ್ಲಿ ತೊಂದರೆ ಬರೆಯಬೇಕು, ಒಂದೊಂದು ಮುಳ್ಳಿನಲ್ಲೂ ಒಂದೊಂದು ಕಾರಣ ಬರೆಯಬೇಕು. ಇನ್ನೊಂದು, ಐದು ‘ಯಾಕೆ’. ತಪ್ಪು ಕಂಡಲ್ಲಿ ಯಾಕೆ ಎಂದು ಕೇಳಬೇಕು. ಉತ್ತರ ಬಂದರೆ ಅದಕ್ಕೂ ಯಾಕೆ. ಹೀಗೆ ಐದು ಸಲ ಕೇಳಿದರೆ ಬುಡ ಸಿಗುತ್ತದೆ. ಮನುಷ್ಯರನ್ನು ದೂರಬೇಡಿ, ಪದ್ಧತಿಯಲ್ಲಿ ದೋಷ ಹುಡುಕಿ ಎಂದು ಟೈಯವರು ಕೊನೆಗೆ ಕೈ ಮುಗಿದು ಹೇಳಿದರು. ಎಲ್ಲರೂ ಚಪ್ಪಾಳೆ ತಟ್ಟಿದರು.

ಮರುದಿನವೇ ಜತ್ತಪ್ಪ ದೊಡ್ಡ ಹಾಳೆಯಲ್ಲಿ ಮೀನಿನ ಮುಳ್ಳು ಬಿಡಿಸಿ ಆಫೀಸಿನ ಗೋಡೆಗೆ ಅಂಟಿಸಿದ. ಕಣ್ಣು, ಬಾಲ ಎಲ್ಲ ಇಟ್ಟು, ನೋಡಿದವರಿಗೆ ಬಂಗುಡೆಯೆಂದು ಗೊತ್ತಾಗುವ ಹಾಗೆ ಚಂದ ಮಾಡಿದ್ದ. ಧಣಿಗಳು ಜೈನರು, ಮೊಟ್ಟೆಯ ಹೆಸರನ್ನೂ ಎತ್ತದವರು, ತಮ್ಮ ತಲೆಯ ಮೇಲೆಯೇ ಬಂಗುಡೆ ನೇತಾಡುವುದನ್ನು ನೋಡಿ ಕುರ್ಚಿಯನ್ನು ಆಚೆ ಸರಿಸಿ ಕೂತರು. ಸಾಧನಾ ಬಂದವರೇ ತಲೆಗೆ ಕೈ ಇಟ್ಟುಕೊಂಡರು. ಸಂಜೆಯೊಳಗೆ ಜತ್ತಪ್ಪ ಕಣ್ಣು ಅಳಿಸಿ, ಬಾಲ ಕತ್ತರಿಸಿ, ಅದನ್ನು ತೆಂಗಿನ ಗರಿ ಮಾಡಿದ. ಟೈಯವರಿಗೆ ಇದು ಗೊತ್ತಾದರೆ ಏನು ಹೇಳುತ್ತಾರೋ ಎಂಬ ಚಿಂತೆ ಅವನಿಗೆ ಬಹಳ ದಿನ ಇತ್ತು.

‘ಯಾಕೆ’ಯನ್ನು ಮೊದಲು ಪ್ರಯೋಗಿಸಿದ್ದು ಮನೆಯಲ್ಲಿ. ಸಾರಿಗೆ ಉಪ್ಪು ಯಾಕೆ ಕಡಿಮೆ ಎಂದು ಹೆಂಡತಿ ಪ್ರೇಮಾವತಿಯನ್ನು ಕೇಳಿದ. ಎರಡನೆಯ ಯಾಕೆಯವರೆಗೆ ಅವಳು ಸಹಿಸಿದಳು. ಮೂರನೆಯದಕ್ಕೆ ಸಾರಿನ ಪಾತ್ರೆಯನ್ನೇ ಒಳಗೆ ತೆಗೆದುಕೊಂಡು ಹೋದಳು. ಪದ್ಧತಿಯ ಬುಡಕ್ಕೆ ತಲುಪುವ ಮೊದಲೇ ಊಟ ಮುಗಿಯಿತು.

ಕಾರ್ಖಾನೆಯಲ್ಲಿ ಇನ್ನೂ ಕಷ್ಟ. ನಮ್ಮ ಕಡೆ ‘ಯಾಕೆ’ ಎಂದರೆ ಪ್ರಶ್ನೆಯಲ್ಲ, ಬೈಗುಳ. ಸಿಪ್ಪೆ ತೆಗೆಯುವ ಸಾಲಿನಲ್ಲಿ ಕೂತಿದ್ದ ನುಸ್ರತ್‌ಳ ಹತ್ತಿರ ಹೋಗಿ, ಬೀಜ ಯಾಕೆ ತುಂಡಾಗ್ತದೆ ಎಂದು ಕೇಳಿದ್ದೇ ತಡ, ನಾನೊಬ್ಬಳೇ ತುಂಡು ಮಾಡುವುದಾ, ಈ ಸಾಲಿಡೀ ಕೂತವರಿಲ್ಲವಾ ಎಂದು ಅವಳು ಕತ್ತಿ ಕೆಳಗಿಟ್ಟಳು. ಸಾಲಿಡೀ ಕತ್ತಿ ಕೆಳಗಿಟ್ಟಿತು. ಅದು ಬೈಗುಳವಲ್ಲ, ಶಾಸ್ತ್ರ ಎಂದು ವಿವರಿಸುವಷ್ಟರಲ್ಲಿ ಜತ್ತಪ್ಪನಿಗೆ ಸಾಕೋ ಸಾಕಾಯಿತು.

“ಮಿಜಾರಿನಲ್ಲಿ ಹೀಗೆ ಕೇಳಿದರೆ ಯಾರಿಗೂ ಸಿಟ್ಟು ಬರುವುದಿಲ್ಲವಾ ಜತ್ತಪ್ಪಣ್ಣ?” ಎಂದಳು ನುಸ್ರತ್.

“ಇಲ್ಲ ಮಾರಾಯ್ತಿ. ಅಲ್ಲಿ ನಡುವೆ ಚಾ ಕೊಡ್ತಾರೆ.”

“ಹಾಗಾದರೆ ಇಲ್ಲಿಗೂ ತರಿಸಿ. ಹೇಳ್ತೇನೆ.”

ಚಾ ಬಂತು, ಉತ್ತರವೂ ಬಂತು. ಸಿಪ್ಪೆ ಬೀಜಕ್ಕೆ ಅಂಟಿಕೊಂಡಿರುತ್ತದೆ, ಕತ್ತಿ ಒತ್ತಬೇಕಾಗುತ್ತದೆ, ಒತ್ತಿದರೆ ತುಂಡಾಗುತ್ತದೆ. ಸಿಪ್ಪೆ ಯಾಕೆ ಅಂಟುತ್ತದೆ? ಬೀಜ ಸರಿಯಾಗಿ ಒಣಗಿರುವುದಿಲ್ಲ. ಯಾಕೆ ಒಣಗುವುದಿಲ್ಲ? ಬೋರ್ಮಾದಿಂದ ಬೇಗ ತೆಗೆಯುತ್ತಾರೆ. ಬೋರ್ಮಾ ಎಂದರೆ ಬೀಜ ಒಣಗಿಸುವ ಬಿಸಿಗಾಳಿಯ ಕೋಣೆ. ಅದನ್ನು ನೋಡಿಕೊಳ್ಳುವವ ಉಮ್ಮರ್. ಜತ್ತಪ್ಪ ಕೆಂಪು ಪೆನ್ನು ತೆಗೆದು ಉಮ್ಮರನ ಮುಂದೆ ನಿಂತು ನಾಲ್ಕನೆಯದನ್ನು ಕೇಳಿದ: ಬೇಗ ಯಾಕೆ ತೆಗೆಯುವುದು?

“ಹೊತ್ತು ಮುಳುಗುವ ಮೊದಲು ತೆಗೆಯಬೇಕು, ಅದಕ್ಕೆ,” ಎಂದ ಉಮ್ಮರ್.

“ಹೊತ್ತು ಮುಳುಗುವ ಮೊದಲೇ ಯಾಕೆ?”

ಉಮ್ಮರ್ ಬೋರ್ಮಾದ ಬಾಗಿಲು ಹಾಕಿದ. “ನಾಲ್ಕು ಸಾಕು ಜತ್ತಪ್ಪಣ್ಣ. ಐದನೆಯದು ನಿಮಗೇ ಗೊತ್ತುಂಟು. ನನ್ನ ಬಾಯಿಯಿಂದ ಬರುವುದು ಬೇಡ.”

ಗೊತ್ತಿತ್ತು. ಕಾರ್ಖಾನೆಯಲ್ಲಿ ಎಲ್ಲರಿಗೂ ಗೊತ್ತಿತ್ತು. ಚಂದ್ರರಾಜ ಧಣಿಗಳು ಹೊತ್ತು ಮುಳುಗಿದ ಮೇಲೆ ಏನೂ ತಿನ್ನುವವರಲ್ಲ. ಸಂಜೆ ಊಟಕ್ಕೆ ಮನೆಗೆ ಹೋಗುವ ಮೊದಲು ಬೋರ್ಮಾದ ಹತ್ತಿರ ಬರುತ್ತಾರೆ. ಉಮ್ಮರ್ ಬಾಗಿಲು ತೆಗೆದು ಒಂದು ಟ್ರೇ ಎಳೆದು ಹಿಡಿಯುತ್ತಾನೆ. ಧಣಿಗಳು ಒಂದು ಬಿಸಿ ಬೀಜ ಹೆಕ್ಕಿ, ಹೆಬ್ಬೆರಳಿನಿಂದ ಸಿಪ್ಪೆ ಉಜ್ಜಿ ಬಾಯಿಗೆ ಹಾಕಿ, ಕಣ್ಣು ಮುಚ್ಚಿ ಜಗಿದು, “ಆಯಿತು” ಎನ್ನುತ್ತಾರೆ. ಅವರ ತಂದೆಯ ಕಾಲದಿಂದ ನಡೆದು ಬಂದ ಪರೀಕ್ಷೆ ಅದು. ಧಣಿಗಳು ಆಯಿತು ಎಂದ ಮೇಲೆ ಆಯಿತು. ಆ ಬೀಜವನ್ನು ಮತ್ತೆ ಒಳಗಿಡುವುದೆಂದರೆ ಅವರ ಮಾತನ್ನು ತಿದ್ದಿದ ಹಾಗೆ. ಬೇಸಗೆಯಲ್ಲಿ ಹೊತ್ತು ಮುಳುಗುವುದು ತಡ, ಬೀಜ ತಕ್ಕಮಟ್ಟಿಗೆ ಒಣಗಿರುತ್ತದೆ. ಚಳಿ ಸುರುವಾದ ಮೇಲೆ ಸಂಜೆ ಬೇಗ ಬರುತ್ತದೆ, ಧಣಿಗಳೂ ಬೇಗ ಬರುತ್ತಾರೆ, ಬೀಜ ಅರ್ಧ ಹಸಿಯಾಗಿಯೇ ಹೊರಗೆ ಬೀಳುತ್ತದೆ.

ಯಾರೂ ಹೇಳಿರಲಿಲ್ಲ. ಬೈಯುವ ಧಣಿಯಾಗಿದ್ದರೆ ಯಾರಾದರೂ ಸಿಟ್ಟಿನಲ್ಲಿ ಒಂದು ದಿನ ಹೇಳಿಬಿಡುತ್ತಿದ್ದರು. ಇವರೋ ಜತ್ತಪ್ಪನ ತಾಯಿ ಆಸ್ಪತ್ರೆಯಲ್ಲಿದ್ದಾಗ ಸಂಜೆಯ ಊಟ ತಪ್ಪಿಸಿಕೊಂಡು ಹೊರಗೆ ಬೆಂಚಿನಲ್ಲಿ ಅವನ ಜೊತೆ ಕೂತವರು. ಇಡೀ ದಿನದಲ್ಲಿ ಅವರು ಕಣ್ಣು ಮುಚ್ಚಿ ಸಂತೋಷಪಡುವುದು ಆ ಒಂದು ಬೀಜದಲ್ಲಿ. ಅದೇ ತಪ್ಪು ಎಂದು ಹೇಗೆ ಬರೆಯುವುದು? ಪದ್ಧತಿಯನ್ನು ದೂರಿ, ಮನುಷ್ಯರನ್ನು ದೂರಬೇಡಿ ಎಂದಿದ್ದರು ಟೈಯವರು. ಆದರೆ ಇಲ್ಲಿ ಪದ್ಧತಿ ಪಂಚೆ ಉಟ್ಟುಕೊಂಡು ಓಡಾಡುತ್ತಿತ್ತು.

ಒಂದು ದಿನ ಧೈರ್ಯ ಮಾಡಿ ಹೇಳಲಿಕ್ಕೆಂದೇ ಹೋದ.

“ಧಣಿಗಳೇ, ಈಗ ಹೊತ್ತು ಬೇಗ ಮುಳುಗ್ತದೆ.”

“ಹೌದು, ಚಳಿಗಾಲ ಅಲ್ಲವಾ.”

“ಹೌದು, ಚಳಿಗಾಲ,” ಎಂದು ಜತ್ತಪ್ಪ ವಾಪಸು ಬಂದ.

ಹೀಗೆ ವಾರಗಳು ಹೋದವು. ಜತ್ತಪ್ಪನಿಗೆ ಊಟ ರುಚಿಸಲಿಲ್ಲ. ಐದನೆಯ ಉತ್ತರದ ಜಾಗ ಖಾಲಿಯಿದ್ದ ಹಾಳೆಯನ್ನು ಜೇಬಿನಲ್ಲಿಟ್ಟುಕೊಂಡು, ಅಲ್ಲಿ ತುಂಬಿಸಲು ಬೇರೆ ಯಾವುದಾದರೂ ನಿರುಪದ್ರವಿ ಕಾರಣ ಸಿಗುತ್ತದೆಯೇ ಎಂದು ಹುಡುಕಿದ. ಬೋರ್ಮಾದ ಬಾಗಿಲಿನ ತಿರುಗಣೆ ಬಿಚ್ಚಿ ನೋಡಿದ, ತುಕ್ಕು ಕೂಡ ಇರಲಿಲ್ಲ. ಉಮ್ಮರನ ಮೇಲೆ ಹಾಕುವ ಎಂದರೆ, ಹಾಕಿ ನೋಡಿ ಎಂದು ಉಮ್ಮರ್ ನಕ್ಕ.

ಕೊನೆಗೆ ಮಿಜಾರಿನಲ್ಲಿ ಎಲ್ಲರ ಎದುರು ಓದುವ ದಿನ ಬಂತು. ನಾಲ್ಕನೆಯ ಯಾಕೆಯವರೆಗೆ ಜತ್ತಪ್ಪ ಶಾಲೆಯ ಕನ್ನಡದಲ್ಲಿ ಗಂಭೀರವಾಗಿ ಓದಿದ. ಐದನೆಯದರ ಮುಂದೆ ಅವನು ಬರೆದದ್ದು: ಸೂರ್ಯನು ಬೇಗ ಅಸ್ತಮಿಸುವುದರಿಂದ.

ಟೈಯವರು ಹಾಳೆಯನ್ನು ಕೈಗೆ ತೆಗೆದುಕೊಂಡು ತಾವೂ ಒಮ್ಮೆ ಓದಿದರು. ಇದಕ್ಕೆ ನಿಮ್ಮ ಪರಿಹಾರ ಏನು ಎಂದು ಕೇಳಿದರು. ಅದನ್ನೇ ಯೋಚಿಸ್ತಾ ಇದ್ದೇನೆ ಸರ್ ಎಂದ ಜತ್ತಪ್ಪ. ಸಭೆ ನಕ್ಕಿತು. ಹಿಂದಿನ ಸಾಲಿನಿಂದ ಯಾರೋ, ಡೆಲ್ಲಿಗೆ ಒಂದು ಅರ್ಜಿ ಕೊಡುವ ಎಂದರು. ಜತ್ತಪ್ಪ ಪಾಸಾಗಲಿಲ್ಲ.

ಸಾಧನಾ ಬೈಯಲಿಲ್ಲ. ಬಂಟ್ವಾಳದಿಂದ ವಿಸ್ಮಿತಾ ಎಂಬ ಇಂಜಿನಿಯರಿಂಗ್ ಓದಿದ ಹುಡುಗಿಯನ್ನು ಒಂದು ವಾರಕ್ಕೆ ಕರೆಸಿದರು. ನೀವೂ ಜೊತೆಗಿರಿ, ಇನ್ನೂ ಏನೂ ತೀರ್ಮಾನ ಆಗಿಲ್ಲ ಎಂದು ಜತ್ತಪ್ಪನಿಗೆ ಹೇಳಿದರು. ಜತ್ತಪ್ಪ ಒಳಗೊಳಗೆ ಕುದಿಯುತ್ತಾ ಅವಳಿಗೆ ಕಾರ್ಖಾನೆ ತೋರಿಸಿದ. ಅವಳು ಗೇಟಿನ ಕಾವಲುಗಾರನಿಂದ ಹಿಡಿದು ಎಲ್ಲರನ್ನೂ ಅಂಕಲ್ ಎಂದೇ ಕರೆಯುವವಳು. ಈ ಊರಿನಲ್ಲಿ ಏನನ್ನು ಕೇಳಬಾರದು ಎಂಬುದು ಅವಳಿಗೆ ಯಾರೂ ಹೇಳಿಕೊಟ್ಟಿರಲಿಲ್ಲ.

ಅದೇ ಸಂಜೆ ಧಣಿಗಳು ಬೋರ್ಮಾದ ಹತ್ತಿರ ಬಂದರು. ಸಾಧನಾ ಇದ್ದರು, ಜತ್ತಪ್ಪ ಇದ್ದ. ಉಮ್ಮರ್ ಟ್ರೇ ಎಳೆದ. ಧಣಿಗಳು ಬೀಜ ಹೆಕ್ಕಿದರು.

“ಅಂಕಲ್, ಇದನ್ನು ಈಗಲೇ ಯಾಕೆ ತೆಗೆಯುವುದು?” ಎಂದಳು ವಿಸ್ಮಿತಾ, ನೇರ ಧಣಿಗಳಿಗೇ.

ಉಮ್ಮರ್ ಟ್ರೇಯ ಕಡೆಗೇ ನೋಡುತ್ತಾ ನಿಂತ. ಜತ್ತಪ್ಪನಿಗೆ ತಾನೇ ಬೋರ್ಮಾದ ಒಳಗೆ ಹೋಗಿ ಬಾಗಿಲು ಹಾಕಿಕೊಳ್ಳುವ ಅನಿಸಿತು.

“ನಾನು ತಿಂದು ನೋಡಬೇಕಲ್ಲ ಮಗಾ. ಹೊತ್ತು ಮುಳುಗಿದ ಮೇಲೆ ನಾನು ತಿನ್ನುವುದಿಲ್ಲ,” ಎಂದರು ಧಣಿಗಳು.

“ಇನ್ನೂ ಸ್ವಲ್ಪ ಹೊತ್ತು ಒಳಗಿದ್ದರೆ ಸಿಪ್ಪೆ ತಾನಾಗಿ ಬಿಡ್ತದೆ. ನೀವು ಬೆಳಿಗ್ಗೆ ತಿಂದು ನೋಡಬಹುದಲ್ಲ?”

ಧಣಿಗಳು ಕೈಯಲ್ಲಿದ್ದ ಬೀಜ ನೋಡಿದರು. ಉಜ್ಜಿದರೂ ಸಿಪ್ಪೆ ಬಿಟ್ಟಿರಲಿಲ್ಲ. “ಆಗಬಹುದು,” ಎಂದರು. “ಬೆಳಿಗ್ಗೆ ಬರ್ತೇನೆ. ಅದಕ್ಕೇನು?”

ಅಷ್ಟೇ. ವಾರಗಟ್ಟಲೆ ಜತ್ತಪ್ಪನ ನಿದ್ದೆ ತಿಂದದ್ದು ಒಂದು ಬೀಜ ಜಗಿಯುವಷ್ಟರೊಳಗೆ ಮುಗಿಯಿತು.

ಆದರೆ ಧಣಿಗಳು ಹೊರಡಲಿಲ್ಲ. ಏನೋ ಲೆಕ್ಕ ಹಾಕುವವರ ಹಾಗೆ ಟ್ರೇ ನೋಡಿ, ಉಮ್ಮರನನ್ನು ನೋಡಿ, ಜತ್ತಪ್ಪನ ಕಡೆ ತಿರುಗಿದರು.

“ಜತ್ತಪ್ಪ, ನಿನಗೆ ಇದು ಗೊತ್ತಿತ್ತಾ?”

ಸಾಧನಾ ಕೂಡ ಅವನನ್ನೇ ನೋಡಿದರು. ಅವನ ಹಾಳೆಯಲ್ಲಿ ಸೂರ್ಯಾಸ್ತದ ಸಂಗತಿ ಓದಿದಾಗಲೇ ಅವರಿಗೆ ಏನೋ ಸಂಶಯ ಬಂದಿರಬೇಕು. ಗೊತ್ತಿತ್ತು ಎಂದರೆ ಕುರ್ಚಿ ಇನ್ನೂ ಸಿಗಬಹುದಿತ್ತು. ಗೊತ್ತಿತ್ತು ಎಂದರೆ, ಅವರು ಕಣ್ಣು ಮುಚ್ಚಿ ಆಯಿತು ಎಂದಾಗಲೆಲ್ಲ ಸುತ್ತ ನಿಂತವರು ಆಗಲಿಲ್ಲ ಎಂದು ತಿಳಿದೇ ತಲೆ ಆಡಿಸಿದ್ದರು ಎಂದೂ ಆಗುತ್ತಿತ್ತು.

“ಇಲ್ಲ ಧಣಿಗಳೇ,” ಎಂದ ಜತ್ತಪ್ಪ. “ನನ್ನ ತಲೆಗೆ ಹೋಗಲೇ ಇಲ್ಲ.”

ಧಣಿಗಳ ಮುಖ ಸಡಿಲವಾಯಿತು. “ನನಗೂ ಹೋಗಲಿಲ್ಲ ಮಾರಾಯ,” ಎಂದು ಅವನ ಬೆನ್ನು ತಟ್ಟಿ ಊಟಕ್ಕೆ ಹೊರಟರು. ಉಮ್ಮರ್ ಟ್ರೇಯನ್ನು ಮತ್ತೆ ಒಳಗೆ ತಳ್ಳಿ, ಬಾಗಿಲು ಹಾಕಿ, ಜತ್ತಪ್ಪನ ಕಡೆ ನೋಡದೆ ಒಂದು ಬೀಡಿ ಚಾಚಿದ.

ಮುಂದಿನ ಸೋಮವಾರ ವಿಸ್ಮಿತಾ ಕುರ್ಚಿಯಲ್ಲಿ ಕೂತಳು. ತುಂಡು ಬೀಜ ಕಡಿಮೆಯಾಗಿದೆ. ಅವಳ ಮೊದಲ ವರದಿಯಲ್ಲಿ, ಸಮಸ್ಯೆಯ ಮೂಲ ಕಾರಣದ ಬಗ್ಗೆ ಮೇಲ್ವಿಚಾರಕರಿಗೆ ಅರಿವೇ ಇರಲಿಲ್ಲ, ಪ್ರಾಥಮಿಕ ತರಬೇತಿ ತುರ್ತಾಗಿ ಅಗತ್ಯ ಎಂದು ಬರೆದು ಒಂದು ಹೆಸರು ಸೂಚಿಸಿದ್ದಾಳೆ. ಬರುವ ಗುರುವಾರ ಬೆಳಿಗ್ಗೆ ಜತ್ತಪ್ಪ ಮತ್ತೆ ಮಿಜಾರಿಗೆ ಹೋಗಬೇಕು.