ಶೈಲಾ ಆಡಿದ ಆ ಮಾತು

ಇಂಥದ್ದನ್ನೆಲ್ಲ ನಾನು ನಂಬುವವನಲ್ಲ. ನಮ್ಮೂರಿನಲ್ಲಿ ಮೈಮೇಲೆ ದೈವದ ದರ್ಶನ ಬಂದ ಪಾತ್ರಿ ಮೈ ನಡುಗಿಸುತ್ತಾ ನುಡಿ ಕೊಡುವಾಗ ಮನೆಯವರೆಲ್ಲ ಕೈಮುಗಿದು ನಿಲ್ಲುತ್ತಿದ್ದರು. ನಾನು ಹಿಂದಿನ ಸಾಲಿನಲ್ಲಿ ನಿಂತು, ಇವನಿಗೆ ಈ ಸುದ್ದಿ ಯಾರು ಮುಟ್ಟಿಸಿರಬಹುದು ಎಂದು ಯೋಚಿಸುತ್ತಿದ್ದೆ. ಹೆಚ್ಚಿನ ಸಲ ಉತ್ತರವೂ ಸಿಗುತ್ತಿತ್ತು. ಯಾರೋ ಅತ್ತೆ, ಯಾರೋ ನೆರೆಮನೆಯವರು ಮೊದಲೇ ಬಾಯಿ ಬಿಟ್ಟಿರುತ್ತಿದ್ದರು. ಈಗ ಬರೆಯುತ್ತಿರುವ ಸಂಗತಿಗೂ ಅಂಥ ಒಬ್ಬರನ್ನು ಮೂರು ವರ್ಷದಿಂದ ಹುಡುಕುತ್ತಿದ್ದೇನೆ. ಸಿಕ್ಕಿಲ್ಲ. ಓದಿದ ಮೇಲೆ ನಿಮಗೇನಾದರೂ ಹೊಳೆದರೆ ನನಗಿಂತ ಸಂತೋಷಪಡುವವರು ಬೇರೆ ಇಲ್ಲ.

ನನ್ನ ಹೆಂಡತಿ ಶೈಲಾ ದುಬೈಯ ಒಂದು ಶಾಲೆಯಲ್ಲಿ ಪುಟ್ಟ ಮಕ್ಕಳಿಗೆ ಪಾಠ ಹೇಳುತ್ತಿದ್ದವಳು. ನಾವು ಇರುವುದು ಅಲ್ಲಿನ ಮಿರ್ದಿಫ್‌ನಲ್ಲಿ. ಒಂದು ವರ್ಷ ಬೇಸಿಗೆ ರಜೆ ಮುಗಿದರೂ ಅವಳು ಶಾಲೆಗೆ ಹೋಗಲಿಲ್ಲ. ಬಾಚಣಿಗೆ ಕೈಯಲ್ಲಿ ಹಿಡಿದು ಹಾಸಿಗೆಯ ಅಂಚಿನಲ್ಲಿ ಮಧ್ಯಾಹ್ನದವರೆಗೆ ಕೂತಿರುತ್ತಿದ್ದಳು. ಮಗಳು ಒಂದು ದಿನ ಅಡುಗೆಮನೆಗೆ ಬಂದು, "ಪಪ್ಪಾ, ಶೀ ಈಸ್ ನಾಟ್ ಈವನ್ ಲುಕಿಂಗ್ ಅಟ್ ಮಿ" ಎಂದು ಅತ್ತಳು. ನಾಲ್ಕು ಬಗೆಯ ಮಾತ್ರೆಗಳು ಬದಲಾದವು. ಬಾಲ್ಕನಿಯ ಬಾಗಿಲಿಗೆ ನಾನು ಬೀಗ ಹಾಕಿಸಿದೆ. ಯಾಕೆ ಎಂದು ಅವಳು ಕೇಳಲಿಲ್ಲ. ಕೇಳದೆ ಇದ್ದದ್ದೇ ನನ್ನನ್ನು ಹೆಚ್ಚು ಹೆದರಿಸಿತು.

ಆಗ ಅವಳ ಡಾಕ್ಟರಮ್ಮ ಕೆಟಮಿನ್ ಚಿಕಿತ್ಸೆಯ ಮಾತೆತ್ತಿದರು. ಅವರು ಸಿರಿಯಾ ಕಡೆಯ ಹಿರಿಯ ಹೆಂಗಸು, ನಿಧಾನವಾಗಿ ಮಾತಾಡುವವರು. ಆಪರೇಷನ್ನಿಗೆ ಎಚ್ಚರ ತಪ್ಪಿಸಲು ಬಳಸುವ ಔಷಧವನ್ನೇ ಬಹಳ ಕಡಿಮೆ ಪ್ರಮಾಣದಲ್ಲಿ ಕೊಟ್ಟರೆ, ಬೇರೆ ಮಾತ್ರೆಗಳಿಗೆ ಜಗ್ಗದ ಖಿನ್ನತೆ ಕೆಲವರಲ್ಲಿ ಸಡಿಲವಾಗುತ್ತದಂತೆ. ಮೊದಲ ಆರು ಸಲ ಕ್ಲಿನಿಕ್ಕಿನಲ್ಲೇ ಆಯಿತು. ಶೈಲಾ ಸ್ವಲ್ಪ ಚೇತರಿಸಿಕೊಂಡಳು, ಒಂದು ದಿನ ತಾನಾಗಿ ಸಾರು ಮಾಡಿದಳು. ಆದರೆ ಮರಳುವಾಗ ಕಾರಿನಲ್ಲಿ ದಾರಿಯುದ್ದಕ್ಕೂ ವಾಂತಿ, ನಡುಕ. ಹಾಗಾಗಿ ಮುಂದಿನವನ್ನು ಮನೆಯಲ್ಲೇ, ನರ್ಸಿನ ಎದುರಿಗೆ ಮಾಡಬಹುದೆಂದು ತೀರ್ಮಾನವಾಯಿತು.

ನಿಯಮಗಳು ಬಿಗಿಯಾಗಿದ್ದವು. ಔಷಧ ನಮ್ಮ ಕೈಗೆ ಬರುವಂತಿರಲಿಲ್ಲ. ನರ್ಸ್ ಬೀಗದ ಪೆಟ್ಟಿಗೆಯಲ್ಲಿ ತಂದು, ತಾವೇ ಕೊಟ್ಟು, ಉಳಿದದ್ದನ್ನು ವಾಪಸು ಒಯ್ಯಬೇಕು. ಮೊದಲೇ ಬಿ.ಪಿ. ನೋಡಬೇಕು, ಹೆಚ್ಚಿದ್ದರೆ ಆ ದಿನ ಇಲ್ಲ. ಕೆಲವು ಗಂಟೆ ಮೊದಲಿನಿಂದ ಊಟ ಇಲ್ಲ. ಬಚ್ಚಲಿಗೆ ಒಬ್ಬಳೇ ಹೋಗಬಾರದು, ಮರುದಿನದವರೆಗೆ ಕಾರು ಓಡಿಸಬಾರದು, ಮನೆಯವರೊಬ್ಬರು ಪಕ್ಕದಲ್ಲೇ ಇರಬೇಕು. ಪಕ್ಕದಲ್ಲಿರುವವನು ನಾನು. ನನಗೆ ಒಂದು ವಿಶೇಷ ಕಟ್ಟಳೆ ಇತ್ತು: ಅವಳನ್ನು ಮಾತಾಡಿಸಬಾರದು, ಏನೂ ಕೇಳಬಾರದು. ಅವಳಾಗಿ ಕೈ ಚಾಚಿದರೆ ಹಿಡಿದುಕೊಳ್ಳಬೇಕು, ಅಷ್ಟೇ.

ನರ್ಸ್ ಜಾನ್ಸಿ ಕೇರಳದವರು. ಮಂಗಳೂರಿನಲ್ಲಿ ಓದಿದ್ದರಿಂದ ನಮ್ಮ ಜೊತೆ ಕನ್ನಡದಲ್ಲೇ ಮಾತಾಡುತ್ತಿದ್ದರು. "ಸಾರ್, ನೀವು ಸುಮ್ಮನೆ ಕೂತ್ರೆ ಸಾಕು. ಹೆಲ್ಪ್ ಮಾಡ್ಲಿಕ್ಕೆ ಹೋಗ್ಬೇಡಿ" ಎಂದು ಬಾಗಿಲಲ್ಲೇ ಹೇಳಿದರು.

ಮನೆಯ ಮೊದಲ ಸರದಿ ನಡೆದದ್ದು ಒಂದು ಮಂಗಳವಾರ ಮಧ್ಯಾಹ್ನ. ಮಗಳು ಶಾಲೆಯಲ್ಲಿದ್ದಳು. ಪರದೆ ಎಳೆದಿದ್ದೆವು. ಶೈಲಾ ಕಣ್ಣಿಗೆ ಪಟ್ಟಿ ಕಟ್ಟಿಕೊಂಡು ಮಲಗಿದ್ದಳು, ಬೆರಳಿಗೆ ನಾಡಿ ತೋರಿಸುವ ಕ್ಲಿಪ್ಪು. ಅರ್ಧ ಗಂಟೆ ಏನೂ ಆಗಲಿಲ್ಲ. ಉಸಿರು ನಿಧಾನವಾಗಿತ್ತು, ಮುಖದ ಬಿಗಿ ಸಡಿಲಾಗಿತ್ತು. ಅಂಥ ಮುಖವನ್ನು ಎಷ್ಟೋ ತಿಂಗಳಿಂದ ನೋಡಿರಲಿಲ್ಲವಲ್ಲ ಎಂದುಕೊಳ್ಳುತ್ತಿದ್ದೆ.

ಆಗ ಅವಳು ಸ್ಪಷ್ಟವಾಗಿ ಹೇಳಿದಳು: "ನೀವು ಹೋಗಿ ಮಾಸ್ತರ್. ಬಸ್ಸು ತಪ್ಪಿಹೋಗ್ತದೆ. ಬಾಗ್ಲು ನಾನು ಹಾಕ್ಕೊಳ್ತೇನೆ."

ಧ್ವನಿ ಅವಳದೇ. ಬೇರೆ ಯಾರದೋ ಗಂಟಲಿನಿಂದ ಬಂದಂತೆ ಏನೂ ಇರಲಿಲ್ಲ. ಆದರೆ ಆ ಮಾತುಗಳನ್ನು ನಾನು ಒಮ್ಮೆ ಕೇಳಿದ್ದೆ. ಅದು ಶೈಲಾ ನನ್ನ ಬದುಕಿಗೆ ಬರುವ ಎರಡು ವರ್ಷ ಮೊದಲು.

ಆಗ ನಾನು ಬರ್ ದುಬೈಯಲ್ಲಿ ಎಂಟು ಜನರ ಕೋಣೆಯಲ್ಲಿದ್ದೆ. ನನ್ನ ಕೆಳಗಿನ ಮಂಚ ಭಟ್ಕಳದ ಇಸ್ಮಾಯಿಲರದು. ಬಟ್ಟೆ ಅಂಗಡಿಯಲ್ಲಿ ಕೆಲಸ, ನನಗಿಂತ ಹತ್ತು ವರ್ಷ ಹಿರಿಯರು. ನಾನು ಕೋಣೆಯವರಿಗೆಲ್ಲ ಅರ್ಜಿ ಬರೆದುಕೊಡುತ್ತಿದ್ದೆ ಎಂದು ಅವರೊಬ್ಬರೇ ನನ್ನನ್ನು ಮಾಸ್ತರ್ ಎನ್ನುತ್ತಿದ್ದರು. ಒಂದು ಬೆಳಿಗ್ಗೆ ಉಳಿದವರೆಲ್ಲ ಕೆಲಸಕ್ಕೆ ಹೋಗಿದ್ದರು. ಇಸ್ಮಾಯಿಲ್ ಮಂಚದ ಮೇಲೆ ಬೆವರುತ್ತಾ ಕೂತಿದ್ದರು. ಎದೆ ಭಾರ, ಎಡಗೈ ಎಳೆಯುತ್ತಿದೆ ಎಂದರು. ನಾನು ಗ್ಯಾಸ್ ಇರಬೇಕು ಎಂದು ಸೋಡಾಕ್ಕೆ ನಿಂಬೆ ಹಿಂಡಿ ಕೊಟ್ಟೆ. ಕೆಳಗೆ ಕಂಪೆನಿ ಬಸ್ಸಿನ ಹಾರನ್ ಕೇಳಿತು. ನಾನು ಬಾಗಿಲ ಹತ್ತಿರ ಅನುಮಾನಿಸುತ್ತಾ ನಿಂತೆ. ಆಗ ಅವರು ಹೇಳಿದ್ದು ಇದೇ ಮಾತು, ಇದೇ ಕ್ರಮದಲ್ಲಿ. ನಾನು ಹೋದೆ.

ಸಂಜೆ ಬಂದಾಗ ಮಂಚ ಖಾಲಿ. ಮಧ್ಯಾಹ್ನ ಊಟಕ್ಕೆ ಬಂದ ಒಬ್ಬರು ನೋಡಿದ್ದರಂತೆ, ಆಗಲೇ ಮುಗಿದಿತ್ತು. ಬೆಳಿಗ್ಗೆ ಹೇಗಿದ್ದರು ಎಂದು ಎಲ್ಲರೂ ನನ್ನನ್ನು ಕೇಳಿದರು. ನಾನು, "ಮಲಗಿದ್ರು, ನಿದ್ದೆಯಲ್ಲಿದ್ರು" ಎಂದೆ. ಭಟ್ಕಳದಿಂದ ಅವರ ತಮ್ಮ ಫೋನ್ ಮಾಡಿದಾಗಲೂ ಅದನ್ನೇ ಹೇಳಿದೆ. ಆಮೇಲೆ ಆ ಹೆಸರನ್ನೇ ನಾನು ಎಲ್ಲೂ ಎತ್ತಲಿಲ್ಲ. ಶೈಲಾಳ ಹತ್ತಿರವೂ ಇಲ್ಲ, ಡೈರಿಯಲ್ಲೂ ಇಲ್ಲ. ನಾನೇ ನಿದ್ದೆಯಲ್ಲಿ ಬಡಬಡಿಸಿರಬಹುದೇ ಎಂದು ನೀವು ಕೇಳಬಹುದು. ನಾನೂ ಶೈಲಾಳನ್ನು ಸುತ್ತಿ ಬಳಸಿ ಕೇಳಿದೆ. ಇಪ್ಪತ್ತು ವರ್ಷದಲ್ಲಿ ಗೊರಕೆ ಬಿಟ್ಟು ಬೇರೇನೂ ಕೇಳಿಲ್ಲ ಎಂದಳು.

ನನಗೇ ಭ್ರಮೆಯಾಯಿತೋ ಎಂದರೆ ಅದಕ್ಕೂ ದಾರಿಯಿಲ್ಲ. ಜಾನ್ಸಿ ಹೊರಡುವಾಗ ಚಪ್ಪಲಿ ಹಾಕಿಕೊಳ್ಳುತ್ತಾ, "ಮಾಸ್ತರ್ ಯಾರು ಸಾರ್? ಮೇಡಂ ಕರೆದ್ರಲ್ಲ" ಎಂದರು. ಗೊತ್ತಿಲ್ಲ ಎಂದೆ. ಶೈಲಾಳಿಗೆ ಎಚ್ಚರವಾದ ಮೇಲೆ ಏನೂ ನೆನಪಿರಲಿಲ್ಲ. ನೀರಿನ ಮೇಲೆ ತೇಲಿದ ಹಾಗಿತ್ತು ಎಂದಳು, ಹಸಿವಾಗುತ್ತದೆ ಎಂದಳು. ಅವಳು ಗಂಜಿ ಉಣ್ಣುವುದನ್ನು ನೋಡುತ್ತಾ ನಾನು ಬೇರೇನನ್ನೋ ಯೋಚಿಸುತ್ತಿದ್ದೆ.

ಮುಂದಿನದನ್ನು ಬರೆಯಲು ನಾಚಿಕೆಯಾಗುತ್ತದೆ. ಎರಡು ವಾರ ನಾನು ಕಾದದ್ದು ಹೆಂಡತಿಯ ಆರೋಗ್ಯಕ್ಕಲ್ಲ, ಆ ಇನ್ನೊಂದು ಮಧ್ಯಾಹ್ನಕ್ಕೆ. ಎರಡನೆಯ ಸಲ ಜಾನ್ಸಿ ಕಿಟಕಿಯ ಬೆಳಕಿಗೆ ತಿರುಗಿ ಬಿ.ಪಿ. ಬರೆದುಕೊಳ್ಳುತ್ತಿದ್ದಾಗ ನಾನು ಶೈಲಾಳ ಕಿವಿಯ ಹತ್ತಿರ ಬಗ್ಗಿದೆ. "ಇಸ್ಮಾಯಿಲ್ ಭಾಯಿ, ನೀವಾ? ನನ್ನ ಮೇಲೆ ಸಿಟ್ಟುಂಟಾ?" ಎಂದು ಕೇಳಿದೆ.

ಅಲ್ಲಿ ಇದ್ದವಳು ಶೈಲಾ ಮಾತ್ರ, ಹೆದರಿದ ಶೈಲಾ. ಅವಳು ಕಣ್ಣಿನ ಪಟ್ಟಿ ಕಿತ್ತೆಸೆದು ನನ್ನನ್ನು ನೋಡಿದಳು, ಗುರುತು ಹತ್ತಲಿಲ್ಲ. ಗೋಡೆಯ ಕಡೆಗೆ ಸರಿಯುತ್ತಾ ಏದುಸಿರು ಬಿಡತೊಡಗಿದಳು. ನಾಡಿ ನೋಡುವ ಯಂತ್ರ ಬಡಿದುಕೊಳ್ಳತೊಡಗಿತು. ಜಾನ್ಸಿ ಓಡಿ ಬಂದು, "ಎಂತ ಮಾಡಿದ್ರಿ ಸಾರ್? ಹೊರಗೆ ಹೋಗಿ!" ಎಂದರು. ನಾನು ನನ್ನದೇ ಮನೆಯ ಮೊಗಸಾಲೆಯಲ್ಲಿ ನಿಂತೆ. ಒಳಗಿಂದ ಹೆಂಡತಿಯ ಅಳು, ಜಾನ್ಸಿ ಡಾಕ್ಟರಿಗೆ ಫೋನಿನಲ್ಲಿ ಹೇಳುವ ಅಂಕಿಗಳು. ಬಾಗಿಲು ತೆರೆದೇ ಇತ್ತು, ಆದರೂ ಒಳಗೆ ಹೋಗುವ ಹಾಗಿರಲಿಲ್ಲ. ಒಂದು ಗಂಟೆಯ ಮೇಲೆ ಬಿ.ಪಿ. ಇಳಿಯಿತು.

ಮರುದಿನ ಡಾಕ್ಟರಮ್ಮ ನನ್ನನ್ನು ಕರೆಸಿದರು. ಬೈಯಲಿಲ್ಲ. "ಆ ಹೊತ್ತಿನಲ್ಲಿ ಅವಳ ಮನಸ್ಸಿಗೆ ತಡೆಯೇ ಇರುವುದಿಲ್ಲ. ನೀವು ಹಾಕಿದ ಭಯ ನೇರ ಒಳಗೆ ಹೋಗಿ ಕೂರುತ್ತದೆ. ನಿಮಗೆ ಬೇಕಾದ್ದನ್ನು ಎಚ್ಚರದಲ್ಲಿ ಕೇಳಿ" ಎಂದರು. ಮನೆಯ ಚಿಕಿತ್ಸೆ ನಿಂತಿತು. ಒಂದೂವರೆ ತಿಂಗಳು ಯಾವ ಚಿಕಿತ್ಸೆಯೂ ಇರಲಿಲ್ಲ. ಶೈಲಾ ಮತ್ತೆ ಹಾಸಿಗೆಯ ಅಂಚಿಗೆ ಬಂದು ಕೂತಳು. ಅವಳನ್ನು ಅಲ್ಲಿಗೆ ತಂದು ಕೂರಿಸಿದವನು ನಾನು. ಮಗಳಿಗೆ ಅದನ್ನು ಹೇಳಲು ನನಗೆ ಧೈರ್ಯ ಸಾಲಲಿಲ್ಲ. ಕೊನೆಗೆ ಕ್ಲಿನಿಕ್ಕಿನಲ್ಲೇ ಮತ್ತೆ ಶುರುವಾದಾಗ ಪಕ್ಕದಲ್ಲಿ ಕೂರಲು ಅಬುಧಾಬಿಯ ಅಲ್ ರೀಮ್‌ನಿಂದ ಅವಳ ಚಿಕ್ಕಮ್ಮನ ಮಗಳು ಬರುತ್ತಿದ್ದಳು. ನಾನು ಹೊರಗಿನ ಕುರ್ಚಿಯಲ್ಲಿ ಕೂರುತ್ತಿದ್ದೆ. ಒಳಗೆ ಶೈಲಾ ಏನಾದರೂ ಮಾತಾಡಿದಳೇ ಎಂದು ಕೇಳುವ ಹಕ್ಕು ನನಗೆ ಉಳಿದಿರಲಿಲ್ಲ.

ಚೇತರಿಕೆಗೆ ಎಂಟು ತಿಂಗಳು ಹಿಡಿಯಿತು. ಶೈಲಾ ಪೂರ್ತಿ ಮೊದಲಿನವಳಾಗಿಲ್ಲ, ಆದರೆ ಬೆಳಿಗ್ಗೆ ಏಳುತ್ತಾಳೆ, ಮಗಳ ಜೊತೆ ಜಗಳವಾಡುತ್ತಾಳೆ. ಕಳೆದ ಚಳಿಗಾಲದಲ್ಲಿ ಒಂದು ಸಂಜೆ ಬಟ್ಟೆ ಮಡಚುತ್ತಾ, "ಅವತ್ತು ನೀವು ಕಿವಿಯಲ್ಲಿ ಒಂದು ಹೆಸರು ಹೇಳಿದ್ರಲ್ಲ. ಯಾರು ಇಸ್ಮಾಯಿಲ್?" ಎಂದಳು.

ಹೇಳಿದೆ. ಸೋಡಾ, ಬಸ್ಸಿನ ಹಾರನ್, ಆಮೇಲೆ ಆಡಿದ ಸುಳ್ಳು, ಎಲ್ಲ. ಅವಳ ಬಾಯಿಂದ ಬಂದ ಮಾತನ್ನೂ ಹೇಳಿದೆ. ಅವಳು ಕೈಯಲ್ಲಿದ್ದ ಬಟ್ಟೆಯನ್ನು ಮಡಚಿ ಮುಗಿಸಿದಳು. "ನನಗೆ ಅವರ ಗುರ್ತವೇ ಇಲ್ಲವಲ್ಲ" ಎಂದಳು. ಆಮೇಲೆ, "ನಾನು ಅದನ್ನು ಹೇಗೆ ಹೇಳಿದೆ? ಸಿಟ್ಟಲ್ಲಿ ಹೇಳಿದ್ನಾ? ಅಲ್ಲ, ಪಾಪ ಹೋಗ್ಲಿ ಅಂತ ಹೇಳಿದ್ದಾ?" ಎಂದು ಕೇಳಿದಳು.

ನನಗೆ ನೆನಪಾಗಲಿಲ್ಲ. ಪದಗಳು ಒಂದೂ ಮರೆತಿಲ್ಲ, ಧಾಟಿ ಮಾತ್ರ ಹೋಗಿದೆ. ಇಸ್ಮಾಯಿಲರ ಧಾಟಿಯೂ ಹೋಗಿದೆ. ಜಾನ್ಸಿಗೆ ಫೋನ್ ಮಾಡಿದೆ. ಮಾಸ್ತರ್ ಎಂದದ್ದು ಮಾತ್ರ ನೆನಪುಂಟು ಸಾರ್ ಎಂದರು. ಕೊನೆಗೆ ನಾನೇ ಆ ಮಾತನ್ನು ಆಡಿ ನೋಡಿದೆ. ಒಮ್ಮೆ ಗದರಿಸಿದ ಹಾಗೆ, ಒಮ್ಮೆ ಸಮಾಧಾನ ಮಾಡಿದ ಹಾಗೆ, ಒಮ್ಮೆ ಬೇಡಿಕೊಂಡ ಹಾಗೆ. ಶೈಲಾ ಮಡಚಿದ ಬಟ್ಟೆಗಳನ್ನು ಮಡಿಲಲ್ಲಿಟ್ಟುಕೊಂಡು ಗಮನವಿಟ್ಟು ಕೇಳಿದಳು. ಪ್ರತಿ ಸಲವೂ, "ಹೀಗೇ ಇರಬಹುದು" ಎಂದಳು.