ಕಂಚಕ್ಕನ ಡಬ್ಬಿ

ಕಾರ್ಖಾನೆಯ ಯಜಮಾನ ಕಂಚಕ್ಕನಿಗೆ ಕೊಡಬೇಕಾದ ಮೂರು ತಿಂಗಳ ಸಂಬಳ ಇನ್ನೂ ಬಾಕಿಯಿದೆ. ಕಾರ್ಖಾನೆ ಮುಚ್ಚಿ ಬೀಗ ಜಡಿಯುವಾಗ ‘ಆಮೇಲೆ ನೋಡೋಣ’ ಅಂದವನಿಗೆ ಆ ಆಮೇಲೆ ಇನ್ನೂ ಬಂದಿಲ್ಲ.

ಅಲ್ಲಿ ಅಚ್ಚೊತ್ತುವ ಯಂತ್ರದ ಮುಂದೆ ಅವಳು ಕೂದಲು ನರೆಸಿಕೊಂಡಳು. ಸೇತುವೆ ಕಟ್ಟಿದ ನೆನಪಿಗೆ, ದೊಡ್ಡವರ ನೂರನೇ ವರ್ಷದ ನೆನಪಿಗೆ ಎಂದು ಚಿನ್ನದ ನಾಣ್ಯ ಒತ್ತುತ್ತಿದ್ದರು. ಚಿನ್ನ ಕೊಳ್ಳಲಾರದವರಿಗೆ ಅದೇ ಅಚ್ಚಿನಲ್ಲಿ ಕಂಚಿನ ಪದಕ. ಚಿನ್ನ ಅವಳ ಬೆರಳು ಸವರಿ ತಿಜೋರಿಗೆ ಹೋಗುತ್ತಿತ್ತು. ಕಂಚಿನದೊಂದನ್ನು ಅವಳು ದುಡ್ಡು ಕೊಟ್ಟೇ ಮನೆಗೆ ತರುತ್ತಿದ್ದಳು. ಜೊತೆಯವರು ಕಂಚಕ್ಕ ಎಂದು ಹೆಸರಿಟ್ಟರು. ಬಿಸ್ಕತ್ತಿನ ಡಬ್ಬಿ ತುಂಬಿತು. ಪದಕ ಉಜ್ಜುವುದು ಮಾತ್ರ ಅವಳಿಗೆ ಆಗದು. ಕಂದು ಬಣ್ಣ ಕಂಚಿನ ವಯಸ್ಸು, ಅದನ್ನು ಕೆರೆಯುವವರು ದಡ್ಡರು.

ಜೊತೆಗೇ ಇದ್ದ ನಾದಿನಿಗೆ ಅದು ಬರೀ ಕಿಲುಬು. ಅತ್ತಿಗೆ ಪೇಟೆಗೆ ಹೋದಾಗ ಪದಕಗಳನ್ನೆಲ್ಲ ನಿಂಬೆಹುಳಿ, ಬೂದಿ ಹಾಕಿ ತಿಕ್ಕಿ ಬೀದಿಕಿಟಕಿಯಲ್ಲಿ ಒಣಗಲಿಟ್ಟಳು.

“ನೋಡಿ ಅತ್ತಿಗೆ, ಮದುಮಕ್ಕಳ ಥರ ಮಿಂಚ್ತಿವೆ.”

“ಯಾರಾದ್ರೂ ನೋಡಿದ್ರೇನೇ?”

“ಬೀದಿಯೇ ನೋಡ್ತು. ‘ನಿಮ್ಮತ್ತಿಗೆಗೆ ಇಷ್ಟು ಚಿನ್ನ ಎಲ್ಲಿಂದ ಬಂತು’ ಅಂದ್ರು. ನಾನು ನಕ್ಕುಬಿಟ್ಟೆ.”

“ನಕ್ಕೆಯಾ? ನನ್ನ ಕುತ್ತಿಗೆಗೆ ಬಂತಲ್ಲೇ ತಾಯಿ.”

ಕಾಲಿಲ್ಲದ ಮಾತು ಯಜಮಾನನ ಮನೆ ಮುಟ್ಟಿತು. ಮರುದಿನವೇ ಕಾರ್ಖಾನೆಯ ಮೇಸ್ತ್ರಿ ಬಂದ. ಕೂರು ಅಂದರೂ ಕೂರಲಿಲ್ಲ.

“ತಿಜೋರಿಯಲ್ಲಿ ನಾಲ್ಕು ಚಿನ್ನದ ನಾಣ್ಯ ಕಮ್ಮಿಯಂತೆ ಕಂಚಕ್ಕ. ಸಂಬಳ ಬೇಡ ಅಂತ ಸಹಿ ಹಾಕು, ದೂರು ಕೊಡಲ್ಲ. ಇಲ್ಲಾಂದ್ರೆ ನಾಳೆ ಬೆಳಿಗ್ಗೆ ಡಬ್ಬಿ ಸಮೇತ ಠಾಣೆಗೆ ಬಾ.”

“ತೂಗಿ ನೋಡಿ ಅಣ್ಣ. ಅದೇ ಗಾತ್ರದ ಚಿನ್ನ ಕಂಚಿನ ಎರಡರಷ್ಟು ಭಾರ. ನಿಮಗೆ ಗೊತ್ತಿಲ್ವಾ?”

“ನನಗೆ ಗೊತ್ತಿದ್ದು ಯಾರಿಗೆ ಬೇಕು? ಬೀದಿ ಕಣ್ಣಾರೆ ಕಂಡಿದೆ.”

ಅವನು ಹೋದ ಮೇಲೆ ಅವಳು ಚಿಲಕ ಹಾಕಿದಳು, ಹಾಕಿದೆನೋ ಇಲ್ಲವೋ ಎಂದು ಮತ್ತೆ ಮುಟ್ಟಿ ನೋಡಿದಳು. ಹೊರಗೆ ಬೈಕು ನಿಂತರೆ ಕಿಟಕಿಯ ಸಂದಿಯಲ್ಲಿ ಇಣುಕುತ್ತಿದ್ದಳು. ಕಳ್ಳ ಬಂದರೂ ಈ ಡಬ್ಬಿಗೇ, ಪೊಲೀಸ್ ಬಂದರೂ ಈ ಡಬ್ಬಿಗೇ. ತಕ್ಕಡಿಯ ಭಯ ಅವಳಿಗಿಲ್ಲ. ಡಬ್ಬಿ ಠಾಣೆಯ ಒಳಕೋಣೆ ಸೇರಿ, ಯಾರೂ ನೋಡದಾಗ ನಾಲ್ಕು ಚಿನ್ನದ ನಾಣ್ಯ ಅದರೊಳಗೆ ಬಿದ್ದರೆ?

ಸಹಿ ಮಾತ್ರ ಹಾಕಿಲ್ಲ. ನಾಳೆ ಡಬ್ಬಿ ಹಿಡಿದು ಹೋಗುತ್ತಾಳೆ, ಹೆದರುತ್ತಲೇ.

ಓದಿ ಅಯ್ಯೋ ಪಾಪ ಅನ್ನುವುದು ಬೇಡ. ಠಾಣೆ ಬಾಗಿಲಿಗೆ ಬನ್ನಿ. ಡಬ್ಬಿ ಅವಳ ಕೈಬಿಡುವ ಮುಂಚೆ, ಅಲ್ಲೇ ಹೊರಗೆ, ನಿಮ್ಮೆಲ್ಲರ ಕಣ್ಣೆದುರು ಒಂದೊಂದನ್ನೂ ತೂಗಿಸಿ. ಬರುತ್ತೀರೋ ಇಲ್ಲವೋ?